ಊಟ ಎಲ್ಲಿ ಎಂದು ಕೇಳಿದವರಿಗೆ

ವಾರ್ಸಾದ ಈ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ
ಹತ್ತೊಂಬತ್ತು ಚಳಿಗಾಲ ಕೋಟು ಕಾದಿದ್ದೇನೆ.
ಮೇಲೆ ಮೂರು ಮಹಡಿ ತುಂಬ ಚಿತ್ರಗಳು.
ನನ್ನನ್ನು ಯಾರೂ ಚಿತ್ರದ ಬಗ್ಗೆ ಕೇಳುವುದಿಲ್ಲ.
ಹಿತ್ತಾಳೆಯ ಬಿಲ್ಲೆ ಕೊಟ್ಟು ಕೋಟು ಇಸಿದುಕೊಂಡು
ಒಂದು ತೋಳು ಇನ್ನೂ ಹೊರಗಿರುವಾಗಲೇ ಕೇಳುತ್ತಾರೆ:
ಇಲ್ಲೇ ಹತ್ತಿರ, ಊಟ ಎಲ್ಲಿ ಚೆನ್ನಾಗಿರುತ್ತೆ?

ನಾನು ಮುಖ ನೋಡುವುದಿಲ್ಲ.
ಎರಡು ಗಂಟೆ ಅವರ ಭಾರ ನನ್ನ ಕೊಕ್ಕೆಯ ಮೇಲಿತ್ತಲ್ಲ,
ಅಷ್ಟು ಸಾಕು.

ಒಂಟೆ ಬಣ್ಣದ ಉಣ್ಣೆ, ಒಳಗೆ ರೇಷ್ಮೆಯ ಅಸ್ತರು:
ಅವರನ್ನು ಚೌಕದಾಚೆಯ ಮೂಲೆಗೆ ಕಳಿಸುತ್ತೇನೆ.
ಸೇಬು ತುಂಬಿ ಸುಟ್ಟ ಬಾತುಕೋಳಿ ಸಿಗುತ್ತದೆ.
ತಟ್ಟೆ ದೊಡ್ಡದು, ಬಾತು ಸಣ್ಣದು,
ಬಿಲ್ಲು ಮಾತ್ರ ತೊಗಲಿನ ಹೊದಿಕೆಯೊಳಗೆ ಮಲಗಿ ಬರುತ್ತದಂತೆ.
ನಾನು ತಿಂದವಳಲ್ಲ. ಕೊಡೆ ಮರೆತು ವಾಪಸು ಬಂದವರು ಹೇಳಿದ್ದು.

ಒದ್ದೆ ಜಾಕೀಟು, ಜೇಬಿಂದ ಇಣುಕುವ ಟ್ರಾಮಿನ ಚೀಟಿ, ಕಾಲೇಜಿನ ಹುಡುಗರು:
ಸೇತುವೆ ಬುಡದ ಗೂಡಂಗಡಿಗೆ ಹೋಗಿ.
ಮೊಳದುದ್ದದ ಬ್ರೆಡ್ಡು, ಮೇಲೆ ಅಣಬೆ, ಕರಗಿದ ಚೀಸು,
ಅದರ ಮೇಲೆ ಕೆಂಪು ಸಾಸು ಹಾವಿನ ಹಾಗೆ.
ನಿಂತೇ ತಿನ್ನಿ. ಬೆರಳು ಸುಟ್ಟುಕೊಳ್ಳಿ. ವಯಸ್ಸು ಅದೇ.

ತೋಳಿಂದ ದಾರದಲ್ಲಿ ಕೈಗವಸು ನೇತಾಡುವ ಪುಟ್ಟ ಕೋಟುಗಳು ಬಂದರೆ
ಊಟದ ಮಾತು ಆಮೇಲೆ,
ಮೊದಲು ಶೌಚಾಲಯ ತೋರಿಸುತ್ತೇನೆ.

ಇನ್ನು, ಒಂದೊಂದು ಗುಂಡಿಗೆ ಒಂದೊಂದು ಬಣ್ಣದ ದಾರ ಹಾಕಿ ಹೊಲಿದವು.
ಅವರು ಕೇಳುವುದೇ ಇಲ್ಲ.
ಬಿಲ್ಲೆ ಎಣಿಸುವ ನೆಪದಲ್ಲಿ, ಗೋಡೆಗೆ ಹೇಳಿದಂತೆ ಹೇಳುತ್ತೇನೆ:
ಬಲಕ್ಕೆ ತಿರುಗಿ, ಔಷಧಿ ಅಂಗಡಿ ದಾಟಿದರೆ ಹಾಲಿನ ಬಾರು.
(ಪರದೇಶದವರು ಹೆಸರು ಕೇಳಿಯೇ ನಗುತ್ತಾರೆ.
ಅಲ್ಲಿ ಕುಡಿಯಲು ಸಿಗುವುದು ಹಣ್ಣು ಬೇಯಿಸಿದ ನೀರು.)
ಗೋಡೆಯ ಹಲಗೆಯಲ್ಲಿ ಅಂಟಿಸಿದ ಅಕ್ಷರ ಅರ್ಧ ಉದುರಿವೆ,
ಸೌತೆಕಾಯಿ ಸೂಪಿನ ಹೆಸರಲ್ಲಿ ಈಗ ಸೌತೆಕಾಯಿ ಇಲ್ಲ.
ಸೂಪಿನಲ್ಲಿದೆ.
ಕಿಂಡಿಯಾಚೆ ವೀಸ್ವಾವಾ, ಮೊಳಕೈವರೆಗೆ ಹಿಟ್ಟು,
ಮನುಷ್ಯರ ಹೆಸರು ಹಿಡಿದು ಕೂಗುವವಳಲ್ಲ:
ಆಲೂ ಕಡುಬು! ಬೀಟ್‌ರೂಟು! ಎಲೆಕೋಸು ಯಾರು?
ಎಲೆಕೋಸು ಎದ್ದು ನಿಲ್ಲುತ್ತದೆ,
ನಿವೃತ್ತ ನ್ಯಾಯಾಧೀಶ.

ನೂರ ಹದಿನೇಳರ ಕೊಕ್ಕೆಗೆ ಪ್ರತಿ ಗುರುವಾರ
(ಅಂದು ಪ್ರವೇಶ ಉಚಿತ)
ಒಂದು ಬೂದು ಕೋಟು ಬರುತ್ತಿತ್ತು.
ಕೊರಳಪಟ್ಟಿಯಲ್ಲಿ ಕರಿದ ಈರುಳ್ಳಿಯ ವಾಸನೆ.
ಪ್ರತಿ ಗುರುವಾರ ಅದೇ ಪ್ರಶ್ನೆ: ಊಟ ಎಲ್ಲಿ ಮಾಡಲಿ?
ಪ್ರತಿ ಗುರುವಾರ ನಾನು ಹೇಳಿದೆ: ಹಾಲಿನ ಬಾರು.
ಆತ ಮೊದಲ ಸಲ ಕೇಳಿಸಿಕೊಂಡವನ ಹಾಗೆ ತಲೆದೂಗಿದ.
ಹೆಂಡತಿ ತೀರಿಕೊಂಡಿರಬೇಕು, ಅಂದುಕೊಂಡೆ.
ಒಬ್ಬನೇ ಈರುಳ್ಳಿ ಕರಿದುಕೊಳ್ಳುತ್ತಾನೆ,
ಮರೆವು ಬೇರೆ, ಪಾಪ.
ಹಾಗೆ ಐದು ವರ್ಷ ಮರುಗಿದೆ.

ಸೋಮವಾರ ನಮಗೆ ರಜೆ. ನಾನೇ ಹೋಗಿ ಕಡುಬು ತಿಂದು
ಎಂಜಲು ತಟ್ಟೆಯನ್ನು ಹಿಂದಿನ ಕಿಂಡಿಗೆ ಕೊಟ್ಟೆ.
ಆ ಕಿಂಡಿಯಲ್ಲಿ ಮುಖ ಕಾಣುವುದಿಲ್ಲ,
ಬಿಸಿನೀರಿಗೆ ಸುಕ್ಕಾದ ಎರಡು ಕೈ ಬಂದು ತಟ್ಟೆ ಒಯ್ಯುತ್ತವೆ.
ಅಷ್ಟು ವರ್ಷ ಆ ಕೈಗಳಿಗೇ ಕೊಟ್ಟಿದ್ದೇನೆ.
ಅಂದು ಯಾರೋ ಅಡಿಗೆಮನೆಯ ಬಾಗಿಲು ತೆರೆದು ಹಾಗೇ ಬಿಟ್ಟಿದ್ದರು.
ಒಳಗೆ, ಮೊಳೆಯ ಮೇಲೆ,
ನೂರ ಹದಿನೇಳು.

ಮುಖ ಆಗಿದ್ದರೆ ಗುರುತು ಸಿಗುತ್ತಿರಲಿಲ್ಲವೇನೋ.
ಏನೂ ಅನ್ನದೆ ಹೊರಗೆ ಬಂದೆ. ಕೊಡೆ ಅಲ್ಲೇ ಮರೆತೆ.

ಗುರುವಾರ ಬಂದ. ಚಿತ್ರ ನೋಡಿದ. ಬಿಲ್ಲೆ ಕೊಟ್ಟ.
ಊಟ ಎಲ್ಲಿ ಮಾಡಲಿ, ಕೇಳಿದ.
ಬಲಕ್ಕೆ ತಿರುಗಿ, ಅಂದೆ, ಔಷಧಿ ಅಂಗಡಿ ದಾಟಿ.
ಆಮೇಲೆ, ಕೋಟು ಮೇಜಿನ ಮೇಲಿಡುತ್ತ:
ಅಲ್ಲಿ ತಟ್ಟೆಗಳು ಬಹಳ ಚೊಕ್ಕ.

ಆತ ಗುಂಡಿ ಹಾಕಿಕೊಂಡ, ಮೇಲಿಂದ ಕೆಳಗಿನವರೆಗೆ,
ಒಂದು ಕಾಜ ತಪ್ಪಿಸಿ.