ಪೆಟ್ಟಿಗೆ ಸಂಖ್ಯೆ ಹದಿನೇಳು

ನುಸಿಗುಳಿಗೆಯ ವಾಸನೆ ಮೊದಲು ಬರುತ್ತದೆ, ಆಮೇಲೆ
ಚಿತ್ರದುರ್ಗದ ಮಧ್ಯಾಹ್ನ.
ಕಿಟಕಿಯಾಚೆ ಬಂಡೆಗಳು ಕಾದು ಸುಮ್ಮನಿವೆ.
ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರದ ಮೂರು ಕೈ
ಯಾರನ್ನೋ ಕರೆದು, ಬೇಡವೆಂದು, ಮತ್ತೆ ಕರೆಯುತ್ತವೆ.

ಕೊಟ್ರಬಸಪ್ಪ ಮೇಷ್ಟ್ರು ಮೂವತ್ತೊಂದು ವರ್ಷ ಕೂಡಿಸಿದ ಹುಳುಗಳು.
ನಿವೃತ್ತರಾದ ದಿನ ಬೀಗದ ಕೈ ಕೊಟ್ಟು ಹೇಳಿದ್ದಿಷ್ಟೇ:
ಸೂಜಿ ಬಲಗಡೆಯ ಗಡಸು ರೆಕ್ಕೆಯಲ್ಲೇ ಇಳಿಯಬೇಕು ತಾಯಿ,
ನಟ್ಟನಡುವೆ ಚುಚ್ಚಿದರೆ ಅದು ಚಿಟ್ಟೆಯ ಲೆಕ್ಕ.

ಅಂದಿನಿಂದ ಎಣಿಸುತ್ತಿದ್ದೇನೆ.
ಮುಂಗಾಲಿನ ಪಾದಕ್ಕೆ ಐದು ಗೆಣ್ಣು, ನಡುಗಾಲಿಗೆ ಐದು,
ಹಿಂಗಾಲಿಗೆ ನಾಲ್ಕೇ ಆದರೆ ಒಂದು ಮನೆತನ,
ಅಲ್ಲೂ ಐದಿದ್ದರೆ ಬೇರೆ ಮನೆ, ಬೇರೆ ಬಾಗಿಲು.
ಮೀಸೆಯ ತುದಿ ಬೀಸಣಿಗೆಯಾಗಿ ಬಿಚ್ಚಿಕೊಂಡರೆ
ಸಗಣಿ ಉರುಳಿಸುವವರ ಬಳಗ.
ಒಂದು ಗೆಣ್ಣು ಮುರಿದು ಹತ್ತಿಯ ಮೇಲೆ ಬಿದ್ದಿತೋ
ಇಡೀ ವಂಶ ನಾಪತ್ತೆ, ರೇಷನ್ ಕಾರ್ಡಿನಲ್ಲಿ
ಒಂದಕ್ಷರ ತಪ್ಪಿದ ಹಾಗೆ.

ಅಟೆಂಡರ್ ಜಂಪಣ್ಣನದು ಬೇರೆ ಶಾಸ್ತ್ರ:
ದೀಪಕ್ಕೆ ಬರೋವು, ಸಗಣಿಗೆ ಬರೋವು,
ಮುಟ್ಟಿದರೆ ಸತ್ತಂಗೆ ನಟಿಸೋವು,
ಅಂಗಾತ ಬಿದ್ದರೆ ಟಕ್ಕಂತ ನೆಗೆಯೋವು,
ಮತ್ತೆ, ಯಾವ ಲೆಕ್ಕಕ್ಕೂ ಸಿಗದೆ, ಜೀರಂಗಿ.
ಬೆಂಕಿಪೊಟ್ಟಣದಲ್ಲಿ ಜಾಲಿಸೊಪ್ಪು ಹಾಕಿ ಸಾಕಿದ್ದೆ ಮೇಡಂ,
ಗೋಧಿಕಾಳಿನಂಥ ಮೊಟ್ಟೆ ಇಡ್ತಿತ್ತು.
ಇದಕ್ಕೂ ಒಂದು ಲ್ಯಾಟಿನ್ ಹೆಸರೈತಾ?
ಐತೆ, ಅಂದೆ. ಓದಿ ಹೇಳಿದೆ.
ಎರಡು ಸಲ ಬಾಯಲ್ಲಿ ಆಡಿಸಿ ನೋಡಿ
ಕರೆದ್ರೆ ಬರಲ್ಲ ಬಿಡ್ರಿ, ಅಂದ.

ಹೋದ ವರ್ಷ ಮೊದಲ ಮಳೆಯ ರಾತ್ರಿ ಜೋಗಿಮಟ್ಟಿಯ ಹಾದಿಯಲ್ಲಿ
ಅವನ ಮದುವೆಯ ಪಂಚೆ ಕಟ್ಟಿ, ಮುಂದೆ ಬಲ್ಬು ತೂಗಿಬಿಟ್ಟೆವು.
ಬಂದವು, ಬಟ್ಟೆಗೆ ಆಲಿಕಲ್ಲು ಬಡಿದಂತೆ,
ಎಣ್ಣೆಮೈಯವು, ಕೊಂಬಿನವು, ತುಕ್ಕಿನ ಬಣ್ಣದವು,
ನನ್ನ ಜಡೆಯಲ್ಲೊಂದು, ಅವನ ಟೀ ಲೋಟದಲ್ಲೊಂದು.
ಎರಡಂತೂ ಅವಳಿಜವಳಿ. ಎಲ್ಲಿಂದ ನೋಡಿದರೂ ಒಂದೇ.
ವ್ಯತ್ಯಾಸ ಗಂಡಿನ ಗುಪ್ತಾಂಗದ ಕೊಕ್ಕೆಯಲ್ಲಿರುತ್ತೆ,
ಬಿಸಿನೀರಲ್ಲಿ ನೆನೆಸಿ ಬಿಡಿಸಿ ನೋಡಬೇಕು, ಅಂದಾಗ
ಜಂಪಣ್ಣ ಟಾರ್ಚನ್ನು
ಮರ್ಯಾದೆಯಿಂದ ಬೇರೆ ಕಡೆ ತಿರುಗಿಸಿದ.

ಇವತ್ತು ಹದಿನೇಳನ್ನು ಎಳೆದರೆ
ಸೂಜಿಗಳು ನಿಂತಿವೆ. ಚೀಟಿಗಳು ನಿಂತಿವೆ:
ಹೊಳಲ್ಕೆರೆ, ಜುಲೈ, ಎಳ್ಳಿನ ಹೊಲ, ಸಂಜೆ ಆರೂವರೆ,
ಮೇಷ್ಟ್ರ ಬಾಗಿದ ಅಕ್ಷರ.
ಹುಳುಗಳಿಲ್ಲ.
ಪ್ರತಿ ಸೂಜಿಯ ಬುಡದಲ್ಲಿ ಒಂದು ಚಿಟಿಕೆ
ಕಂದು ಹುಡಿ, ನಶ್ಯದಂತೆ.
ಮೂಲೆಯಲ್ಲಿ ಸಾಸಿವೆಯಷ್ಟೇ ಆದ ಒಂದು
ನಿಧಾನವಾಗಿ, ಊಟ ಮುಗಿಸಿದವರ ಹಾಗೆ, ನಡೆಯುತ್ತಿದೆ.

ಬೈಯಲೆಂದು ಬಾಯಿ ತೆಗೆದೆ. ಕೈ ಅಷ್ಟರಲ್ಲಿ
ಅದನ್ನು ಸ್ಪಿರಿಟ್ಟಿಗೆ ಅದ್ದಿ ಮಸೂರದಡಿ ಇಟ್ಟಾಗಿತ್ತು.
ಬೆನ್ನ ತುಂಬ ಬಿಳಿ, ಹಳದಿ, ಕಂದು ಹುರುಪೆ,
ಅಜ್ಜಿ ಹೊಲಿದ ಕೌದಿ.
ಮೀಸೆಯ ತುದಿಗೆ ಪುಟ್ಟ ಗದೆ.
ಪಾದಕ್ಕೆ ಐದು, ಐದು, ಐದು.
ನಡುಬೆನ್ನಲ್ಲಿ ಒಂದು ನೇರ ಗೆರೆ, ಗಡಸು ರೆಕ್ಕೆ ಎರಡೂ ಕೂಡುವಲ್ಲಿ.
ಅಂದರೆ ಇದೂ ಅದೇ ಗಣ.
ತಿಂದದ್ದು ನೆಂಟರನ್ನೇ.

ಸೂಜಿ ತಾಳುವ ಮೈಯಲ್ಲ. ರಟ್ಟಿನ ತ್ರಿಕೋನದ ತುದಿಗೆ
ಅಂಟಿನ ಹನಿಯಿಟ್ಟು ಬಲಮಗ್ಗುಲಿಂದ ಕೂರಿಸಿದೆ.
ಚೀಟಿ ಬರೆದೆ.
ಸ್ಥಳ: ಚಿತ್ರದುರ್ಗ, ಪ್ರಾಣಿಶಾಸ್ತ್ರ ವಿಭಾಗ, ಪೆಟ್ಟಿಗೆ ಹದಿನೇಳು.
ಆಹಾರ: ಇಲ್ಲಿ ಪೆನ್ನು ತಡೆಯಿತು.
ಮೂರು ಕುಟುಂಬ, ಇಪ್ಪತ್ತೆಂಟು ಪ್ರಭೇದ,
ಎಳ್ಳಿನ ಹೊಲದ ಒಂದು ಸಂಜೆ.
ಸಂಗ್ರಹಿಸಿದವರು: ಕೊಟ್ರಬಸಪ್ಪ.
ಇಷ್ಟು ಕಾಲ ಸಾಕಿದ್ದು ಅವರೇ ತಾನೆ.

ಜಂಪಣ್ಣ ಬಗ್ಗಿ ನೋಡಿದ, ಉಸಿರು ಬಿಗಿಹಿಡಿದು,
ಹಾರಿಹೋದೀತೆಂದು.
ಇದು ಬೀಗಕ್ಕೆ ಬರೋವು ಮೇಡಂ, ಎಂದು
ತನ್ನ ಪಟ್ಟಿಗೆ ಒಂದು ಸಾಲು ಸೇರಿಸಿಕೊಂಡು
ನುಸಿಗುಳಿಗೆ ತರಲು ಪೇಟೆಗೆ ಹೋದ.

ಮೇಷ್ಟ್ರಿಗೆ ಫೋನು ಮಾಡಬೇಕು.
ಹದಿನೆಂಟನ್ನು ನಾನಿನ್ನೂ ತೆಗೆದಿಲ್ಲ.