ಸಾಸಿವೆಯಷ್ಟು

ಗುಜರಿ ಲೆಕ್ಕದಲ್ಲಿ ಮೂರು ರೂಪಾಯಿಯೂ ಬಾಳುತ್ತಿರಲಿಲ್ಲ.
ಕೆಲಮಂಗಲದ ನನ್ನ ಅಂಗಡಿಗೆ
ಮುನಿತಾಯಮ್ಮ ತಂದು ಸುರಿದ ಚೀಲದಲ್ಲಿ
ಎರಡು ಲಾಳ, ತೂತು ಬಿದ್ದ ಬಾಂಡಲಿ, ಸೈಕಲ್ಲಿನ ಒಂದು ಪೆಡಲು,
ತಳದಲ್ಲಿ ಇದು:
ಅಂಗೈಯಲ್ಲಿ ಅಡಗುವ ಕಬ್ಬಿಣದ ಬಳೆ,
ಚಾಚಿದ ಎರಡು ಕಾಲು,
ನಡುವೆ ತುದಿ ಬಾಗಿದ ನಾಲಿಗೆ.

ಮೋರ್ಚಿಂಗು, ಎಂದಳು. ಗಂಡನದು.
ಯಾವ ಕಾಲದ್ದಮ್ಮ?
‘ಅವನಿಗೆ ಮುಂದಿನ ಹಲ್ಲು ಎರಡೂ ಇದ್ದಾಗ ಕೈಗೆ ಬಂದದ್ದು.
ಒಂದು ಮುರಿದ ವರ್ಷ ದೊಡ್ಡ ಮಗಳ ಮದುವೆ,
ಇನ್ನೊಂದು ಬಿದ್ದ ಮೇಲೆ ಎತ್ತಿಟ್ಟ.
ಅದಕ್ಕೂ ಮುಂಚೆ ಮಾವನ ಬಾಯಲ್ಲಿತ್ತು,
ಆ ಹಲ್ಲಿನ ಲೆಕ್ಕ ನಾನು ಕಾಣೆ.’

ಸುಳ್ಳೇಕೆ, ನನಗೆ ಗೊತ್ತಿತ್ತು
ಮದರಾಸಿನ ಕಣ್ಣಪಿರಾನ್ ಇಂಥದಕ್ಕೆ ಎಷ್ಟು ಬಿಚ್ಚುತ್ತಾರೆಂದು.
ಐವತ್ತು ಕೊಟ್ಟೆ.
ಧಾರಾಳಿ ಎಂದುಕೊಂಡಳು.

ಹುಣಸೆಹಣ್ಣು, ಒಲೆಯ ಬೂದಿ,
ನನ್ನದೇ ಹಳೇ ಹಲ್ಲುಜ್ಜುವ ಬ್ರಷ್ಷು.
ತುಕ್ಕು ಬಿಡುತ್ತ ಬಿಡುತ್ತ ಕಾಲಿನ ಮೇಲೆ
ಯಾವನೋ ಕಮ್ಮಾರನ ಮೂರು ಏಟು
ಹಕ್ಕಿಹೆಜ್ಜೆಯ ಹಾಗೆ ಎದ್ದು ಬಂತು.
ನಾಲಿಗೆಯ ತುದಿಗೆ ಮಾತ್ರ ಏನೋ ಕಪ್ಪು,
ಸಾಸಿವೆಯಷ್ಟು.
ಕೊಳೆ ಎಂದು
ಹೆಬ್ಬೆರಳಿನ ಉಗುರಿಂದ ಕೆರೆದು ತೆಗೆದೆ.

ಕಣ್ಣಪಿರಾನ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.
ನೂರು ವರ್ಷ ದಾಟಿದೆ, ಎಂದರು.
ತಲೆಯಾಡಿಸಿದೆ. ಹಲ್ಲಿನ ಲೆಕ್ಕ ಹೇಳಲಿಲ್ಲ.
ಹತ್ತಿಯ ಮೇಲೆ ಮಲಗಿಸಿ ಡಬ್ಬಿ ಮುಚ್ಚಿದರು.
ಬಾರಿಸಿ ನೋಡುವುದಿಲ್ಲವಾ ಸಾರ್?
ಅಯ್ಯೋ, ಯಾರ್ಯಾರ ಎಂಜಲೋ, ಎಂದು ನಕ್ಕು
ನಾಲ್ಕು ಸಾವಿರ ಎಣಿಸಿದರು.

ಎರಡು ಸಂತೆ ಕಳೆದು ಮುನಿತಾಯಮ್ಮ ಬಂದಳು.
‘ಅದರ ತುದೀಲಿ ಮೇಣ ಇತ್ತಲ್ಲ,
ಬೀಳದಂಗೆ ನೋಡ್ಕೋ ಅನ್ನೋದು ಮರೆತಿದ್ದೆ.’
ಅಷ್ಟು ಹೇಳಲು ಬಂದಿದ್ದಳು.

ಭಜನೆಮನೆಯ ಹಾರ್ಮೋನಿಯಂ ಮುದಿಯಾಗಿ
ಒಂದೆಳೆ ಇಳಿದು ಕೂತಿತ್ತಂತೆ.
ಅದನ್ನು ಏರಿಸುವವರು ಹೊಸೂರಲ್ಲೂ ಸಿಗಲಿಲ್ಲ.
ಇವನೇ ಇಳಿದ.
ಜೇನುಮೇಣ ಉರುಟಿ, ಹಚ್ಚಿ, ಮೀಟಿ, ಚಿವುಟಿ, ಮತ್ತೆ ಹಚ್ಚಿ,
ಒಂದು ಇಡೀ ಶನಿವಾರ,
ಅನ್ನ ಆರಿ ಮೊಸರಾಗುವ ತನಕ.
‘ಬಿತ್ತೋ, ಆಮೇಲೆ ಅದು ಯಾರದೋ ಕಬ್ಬಿಣ.’

ಮಾರಿದೆ, ಎಂದೆ. ಮೇಣದ ಮಾತು ಎತ್ತಲಿಲ್ಲ.
ಐನೂರು ಚಾಚಿದೆ.
ಆಗಲೇ ಕೊಟ್ಟಿದ್ದೀಯಲ್ಲ ಅಂತ
ಸೊಪ್ಪಿನ ಸಾಲಿಗೆ ನಡೆದುಬಿಟ್ಟಳು.

ಹೆಬ್ಬೆರಳು ತಿರುಗಿಸಿ ನೋಡಿಕೊಂಡೆ.
ಉಗುರು ಕತ್ತರಿಸಿ ಎಷ್ಟೋ ದಿನವಾಗಿತ್ತು.

ಆ ಶನಿವಾರ ಸಂಜೆ ತಗಡು ತುಂಬಿದ ಗಾಡಿಯನ್ನು
ಭಜನೆಮನೆ ಎದುರು ನಿಲ್ಲಿಸಿದೆ.
ಒಳಗೆ ಹಾರ್ಮೋನಿಯಂ ನುಡಿಯುತ್ತಿತ್ತು.
ಇಳಿದಿದೆಯೋ ಇಲ್ಲವೋ
ನನ್ನ ಕಿವಿಗೆ ತಿಳಿಯಲಿಲ್ಲ.
ಪಕ್ಕಕ್ಕಿಟ್ಟು ನೋಡಲು
ಇನ್ನೊಂದು ಬೇಕಿತ್ತು.