ಚಿಲ್ಲರೆ

ಇಪ್ಪತ್ತಾರು ವರ್ಷ
ಟಿಕೇಟಿನ ಬೆನ್ನಿಗೆ ಬಾಕಿ ಬರೆದುಕೊಟ್ಟ ಕೈ ಇದು.
‘ಇಳಿಯೋವಾಗ ಕೇಳಿ ಇಸ್ಕೊಳ್ಳಿ.’
ಕೇಳದೆಯೇ ಇಳಿದುಹೋದರು ಎಷ್ಟೋ ಮಂದಿ,
ಶಿವಳ್ಳಿಯಲ್ಲಿ ಮೂರು ರೂಪಾಯಿ, ದುದ್ದದಲ್ಲಿ ಎರಡು,
ಜಕ್ಕನಹಳ್ಳಿಯಲ್ಲಿ ಒಬ್ಬಳು ಮಗುವನ್ನೇ ಸೀಟಲ್ಲಿ ಬಿಟ್ಟು
ಕೋಳಿ ಹಿಡಿದು ಇಳಿದಿದ್ದಳು,
ವಿಷಲ್ ಊದಿ ಕರೆದೆ.

ಈಗ ಅದೇ ಬೆರಳಿಗೆ ಸೂಜಿ.
ಗುತ್ತಲಿನ ಮನೆಯ ನಡುಮನೆಯಲ್ಲಿ ಮಧ್ಯಾಹ್ನ ಎರಡೂವರೆಗೆ
ಚಾಪೆ ಹಾಸಿ, ಅದರ ಮೇಲೆ ಹಳೇ ಸೀರೆ ಎಳೆದು,
ಮೂಲೆಗೊಂದು ಭಾರ: ರಾಗಿ ಡಬ್ಬ, ಇಸ್ತ್ರಿಪೆಟ್ಟಿಗೆ, ಕುಟ್ಟಾಣಿ.
ನಾಲ್ಕನೇ ಮೂಲೆಗೆ ನಾನೇ.

‘ಮಂಡ್ಯದ ಸೆಕೆಗೆ ಯಾರ್ ಒದ್ಕತಾರಕ್ಕ ಇದ್ನ?’
ಹಾಲು ಹಾಕುವ ಚಿಕ್ಕಲಿಂಗ ಕೇಳುತ್ತಾನೆ.
ಉತ್ತರ ನನಗೂ ಗೊತ್ತಿಲ್ಲ.
ಫ್ಯಾನು ತಿರುಗುತ್ತದೆ, ಬೊಂತೆ ಬೆಳೆಯುತ್ತದೆ,
ಅದರ ಕೆಳಗೆ ತೊಡೆ ಬೇಯುತ್ತದೆ.

ಪಕ್ಕದ ಮನೆಯ ಶಿವಲೀಲಾ, ಗದಗದವಳು, ಕೌದಿ ಅನ್ನುತ್ತಾಳೆ
ಮಗಳ ಹೆಸರು ಹಿಡಿದು ಕರೆದ ಹಾಗೆ.
ನಮ್ಮವ್ವ ಬೊಂತೆ ಅನ್ನುತ್ತಿದ್ದಳು, ಮೂಗು ಮುರಿದು.
ಉಚ್ಚೆ ವಾಸನೆ, ಬೆನ್ನಿಗೊತ್ತುವ ಗಂಟು, ತಿಗಣೆ.
ಮೊದಲ ಕಂಬಳಿ ಕೊಂಡ ದಿನ
ಅದನ್ನೊಯ್ದು ಕರುವಿನ ಕೆಳಗೆ ಹಾಸಿದಳು.
ನಾನೀಗ ಹವ್ಯಾಸ ಅನ್ನುತ್ತೇನೆ:
ತಿಂಗಳಿಗೆ ಮೂರು ಸಾವಿರ ಪಿಂಚಣಿ ಬರುವವರ ಪದ.

ಟೈಲರ್ ಮುಕ್ತಿಯಾರ್ ಸಾಬರು ಚೂರುಗಳನ್ನು
ಸಕ್ಕರೆ ಚೀಲದಲ್ಲಿ ತುಂಬಿ ಇಟ್ಟಿರುತ್ತಾರೆ.
ದುಡ್ಡು ಬೇಡ, ಅರ್ಧ ಗಂಟೆ ಮಾತು ಕೇಳಬೇಕು ಅಷ್ಟೆ.
‘ಇದು ಮೇಷ್ಟ್ರ ಹೆಂಡ್ತಿ ರವಿಕೆದು, ಎರಡು ಸಲ ತೋಳು ಬಿಚ್ಚಿಸಿದ್ರು.
ಈ ಮೆರೂನು ಮದುವೆದು. ಮದುವೆ ನಿಂತೋಯ್ತು. ಬಟ್ಟೆ ಏನ್ ಮಾಡ್ತು ಪಾಪ.’

ನನ್ನ ಖಾಕಿಗೆ ಮಾತ್ರ ಸೂಜಿ ಇಳಿಯಲಿಲ್ಲ.
ಮೂರು ಮುರಿದೆ.
ಜೇಬಿನ ಹತ್ತಿರ ಮೆತ್ತಗಾಗಿತ್ತು, ಚಿಲ್ಲರೆಯ ಭಾರಕ್ಕೆ ಸವೆದು.
ಅಷ್ಟನ್ನು ಕತ್ತರಿಸಿಕೊಂಡೆ.

ನಿಜ ಹೇಳಬೇಕು. ಇದು ನಾನು ಶುರು ಮಾಡಿದ್ದಲ್ಲ.
ಕೊನೇ ಟ್ರಿಪ್ಪು ಮುಗಿಸಿ ಸೀಟು ನೋಡುತ್ತ ಬಂದಾಗ
ಹಿಂದಿನ ಬಾಗಿಲ ಪಕ್ಕ ಒಂದು ಗೊಬ್ಬರದ ಚೀಲ,
ಒಳಗೆ ಎರಡು ಮೊಳ ಬೊಂತೆ, ಅರ್ಧಕ್ಕೆ ನಿಂತದ್ದು,
ಸೂಜಿ ಸಿಕ್ಕಿಸಿದ ಹಾಗೇ, ದಾರ ನೇತಾಡುತ್ತ.
ಡಿಪೋ ಪುಸ್ತಕದಲ್ಲಿ ಬರೆಸಿದೆ:
ಹೊಲಿದ ಬಟ್ಟೆ ಒಂದು. ಬೆಲೆ ಇಲ್ಲ.
ಆ ದಿನ ಐವತ್ತೆರಡು ಟಿಕೇಟು. ಒಂದು ಮುಖವೂ ನೆನಪಿಲ್ಲ.
ಎರಡು ವರ್ಷ ಯಾರೂ ಬರಲಿಲ್ಲ.
ನಾನು ನಿವೃತ್ತಳಾದ ಸಂಜೆ ಗುಮಾಸ್ತ ಜವರಪ್ಪ
ಹಾರ, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರದ ಜೊತೆ
ಅದನ್ನೂ ಆಟೋದೊಳಕ್ಕೆ ತಳ್ಳಿದ:
‘ಇಲಿ ತಿನ್ನೋ ಬದ್ಲು ನೀನೇ ತಗಂಡೋಗಕ್ಕ.’

ಅವಳ ಹೊಲಿಗೆ ಅಕ್ಕಿಕಾಳು. ನನ್ನದು ಸೌತೆಬೀಜ.
ಎಡಗೈಯವಳಿರಬೇಕು,
ಅವಳ ಸಾಲು ಎಡದಿಂದ ಬಲಕ್ಕೆ ಹೊರಡುತ್ತದೆ, ನನ್ನದು ಬಲದಿಂದ ಎಡಕ್ಕೆ.
ಕಿರಿದಾದ ಸೇತುವೆ ಮೇಲೆ ಎದುರುಬದುರಾದ
ಎರಡು ಬಸ್ಸಿನ ಹಾಗೆ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತೇವೆ.
ಒಂದು ಹಳದಿ ಚೂರಿನಲ್ಲಿ ನವಿಲು ತಲೆಕೆಳಗಾಗಿದೆ.
ಅವಳು ಬಿಚ್ಚಿಲ್ಲ. ನಾನೂ ಬಿಚ್ಚಲಿಲ್ಲ.
‘ಹಳೇದೆಲ್ಲ ಬಿಚ್ಚಿ ಒಂದs ಅಳತಿಗೆ ಹೊಲೀರಿ, ಚಂದ ಕಾಣ್ತದ,’
ಶಿವಲೀಲಾ ಅಂದಳು.
ಹೂಂ ಅಂದೆ.

ಇವತ್ತು ಅವಳ ದಾರ ಮುಗಿಯುವ ಜಾಗಕ್ಕೆ ಬಂದೆ.
ಸೂಜಿ ಅಲ್ಲೇ ಇದೆ, ಸುತ್ತ ತುಕ್ಕಿನ ಕಂದು ಉಂಗುರ.
ಕಿತ್ತರೆ ಬಟ್ಟೆ ಹರಿಯುತ್ತದೆ.
ಬಿಟ್ಟರೆ ಹೊದ್ದವರಿಗೆ ಚುಚ್ಚೀತು.
ಹೊದೆಯುವವರು ಯಾರು, ಈ ಸೆಕೆಯಲ್ಲಿ?

ಸುತ್ತು ಹಾಕಿ ಹೊಲಿದೆ.
ರಸ್ತೆ ನಡುವೆ ಮೆಲುಕು ಹಾಕುತ್ತ ಮಲಗಿದ ಎಮ್ಮೆಯ ಪಕ್ಕ
ನಮ್ಮ ಡ್ರೈವರ್ ಚಲುವರಾಜು
ಒಂದು ಚಕ್ರ ಮಣ್ಣಿಗಿಳಿಸಿ
ಬಸ್ಸು ದಾಟಿಸುತ್ತಿದ್ದನಲ್ಲ, ಹಾಗೆ,
ಹಾರನ್ ಹೊಡೆಯದೆ.